ಕೆಲಸ ಬಿಟ್ಟು ಪಾಮಿರ್ ಹೆದ್ದಾರಿಯಲ್ಲಿ ಸೈಕಲ್ ತುಳಿಯಬೇಕು; ತಯಾರಿ ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನ ಐಟಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ತಜಿಕಿಸ್ತಾನದ ದುಶಾನ್‌ಬೆಯಿಂದ ಕಿರ್ಗಿಸ್ತಾನದ ಓಶ್‌ವರೆಗೆ ಪಾಮಿರ್ ಪರ್ವತಗಳ ನಡುವಿನ ಹೆದ್ದಾರಿಯಲ್ಲಿ ಒಬ್ಬರೇ ಸೈಕಲ್‌ನಲ್ಲಿ ಹೋಗಬೇಕು, ಮೊದಲು ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಕ್ಯಾಲೆಂಡರ್ ಹಿಡಿದು ಹಿಂದಿನಿಂದ ಎಣಿಸಿ. ಸೈಕಲ್ ಕೊಳ್ಳುವುದು ಆಮೇಲಿನ ಮಾತು.

ಆ ದಾರಿ ತುಳಿಯಲು ಹದವಾಗಿರುವುದು ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಸುಮಾರು 1,200 ಕಿ.ಮೀ., ವಿಶ್ರಾಂತಿ ಸೇರಿಸಿ ಐದು ವಾರ ಇಟ್ಟುಕೊಳ್ಳಿ. ಜುಲೈ ಮೊದಲ ವಾರ ದುಶಾನ್‌ಬೆಯಲ್ಲಿ ಇರಬೇಕಾದರೆ, 90 ದಿನದ ನೋಟಿಸ್ ಪೀರಿಯಡ್ ಇರುವವರು ಮಾರ್ಚ್ ಮೊದಲ ವಾರವೇ ಪತ್ರ ಕೊಡಬೇಕು. ಆಗ ತಯಾರಿಯ ಓಡಾಟಕ್ಕೆ ಒಂದು ತಿಂಗಳು ಉಳಿಯುತ್ತದೆ. ಏಪ್ರಿಲ್ ಬೋನಸ್ ನಂಬಿಕೊಂಡಿದ್ದರೆ, ನೋಟಿಸ್‌ನಲ್ಲಿರುವವರಿಗೆ ಅದು ಸಿಗುತ್ತದೆಯೇ ಎಂದು ಆಫರ್ ಲೆಟರ್ ತೆಗೆದು ಓದಿ. ಐದು ವರ್ಷ ತುಂಬಲು ಕೆಲವೇ ವಾರ ಬಾಕಿ ಇದ್ದರೆ ಗ್ರಾಚ್ಯುಟಿಗಾಗಿ ಕಾಯಿರಿ, ಅದು ನಿಮ್ಮ ದುಡಿಮೆಯ ಹಣ.

ಪತ್ರ ಕೊಡುವ ಮೊದಲೇ ಪಾಸ್‌ಪೋರ್ಟ್ ನೋಡಿ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಜಾಗ ಖಾಲಿ, ಅಥವಾ ಬರೀ ಇನಿಷಿಯಲ್. ಇ-ವೀಸಾ ಅರ್ಜಿಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ತಿದ್ದಿಸಲು ಪಾಸ್‌ಪೋರ್ಟನ್ನೇ ಮರುಮುದ್ರಣ ಮಾಡಿಸಬೇಕು. ತಜಿಕ್ ಇ-ವೀಸಾ ತುಂಬುವಾಗ ಜಿಬಿಎಒ (ಗೋರ್ನೋ-ಬದಖ್ಶಾನ್ ಸ್ವಾಯತ್ತ ಪ್ರಾಂತ್ಯ) ಪರ್ಮಿಟ್ ಕಾಲಂ ಮರೆಯದೆ ಟಿಕ್ ಮಾಡಿ. ಪಾಮಿರ್ ಇರುವುದೇ ಆ ಪ್ರಾಂತ್ಯದಲ್ಲಿ, ಅದಿಲ್ಲದೆ ಚೆಕ್‌ಪೋಸ್ಟ್ ದಾಟಲಾಗದು.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅರ್ಜಿಯನ್ನು ನೋಟಿಸ್ ಅವಧಿಯಲ್ಲೇ ಹಾಕಿ. ತಂದೆ-ತಾಯಿ ಅದೇ ಪಾಲಿಸಿಯಲ್ಲಿದ್ದರೆ ಇದು ಇನ್ನೂ ತುರ್ತು. ಪಿಎಫ್ ಹಣ ಮುಟ್ಟಬೇಡಿ, ಬಡ್ಡಿ ಬರುತ್ತಲೇ ಇರುತ್ತದೆ. ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ತೆರಿಗೆಯೂ ಬೀಳುತ್ತದೆ. ಆದರೆ ಕೆಲಸ ಬಿಟ್ಟ ದಿನಾಂಕ ಪಿಎಫ್ ಖಾತೆಯಲ್ಲಿ ನಮೂದಾಗಿದೆಯೇ ಎಂದು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಹಳೇ ಸಿಮ್‌ಗೆ ರೀಚಾರ್ಜ್ ತಪ್ಪದಂತೆ ಮನೆಯವರಿಗೆ ಹೇಳಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಸಾಲವಿದ್ದರೆ ಆರು ತಿಂಗಳ ಕಂತು ಬೇರೆ ಖಾತೆಯಲ್ಲಿರಲಿ.

ಇನ್ನು ದಾರಿ. ದುಶಾನ್‌ಬೆಯಿಂದ ಹೊರಡುವ ನಿಮ್ಮ ಯೋಚನೆ ಸರಿ. ಓಶ್ ಕಡೆಯಿಂದ ಹೊರಟರೆ ಕೆಲವೇ ದಿನಗಳಲ್ಲಿ 4,280 ಮೀಟರಿನ ಕಿಜಿಲ್-ಆರ್ಟ್ ಕಣಿವೆಮಾರ್ಗ ಎದುರಾಗುತ್ತದೆ, ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ದುಶಾನ್‌ಬೆಯಿಂದಾದರೆ ಪಂಜ್ ನದಿಯ ಪಕ್ಕದಲ್ಲೇ ಏರುತ್ತಾ ಸುಮಾರು 2,100 ಮೀಟರಿನ ಖೊರೋಗ್ ತಲುಪುತ್ತೀರಿ. ಅಪಾಯ ಇರುವುದು ಅಲ್ಲಿಂದ ಮುಂದೆ: ಜೆಲೊಂಡಿಯ ಬಿಸಿನೀರಿನ ಬುಗ್ಗೆ ಸುಮಾರು 3,500 ಮೀಟರಿನಲ್ಲಿದೆ, ಅದರಾಚೆಯ ಕೊಯ್-ತೆಜೆಕ್ ಕಣಿವೆಮಾರ್ಗ 4,272 ಮೀಟರ್. ಕಾಲಿನಲ್ಲಿ ಕಸುವಿದೆ ಎಂದು ಎರಡೇ ದಿನದಲ್ಲಿ ಹತ್ತಿದವರಿಗೇ ತಲೆನೋವು, ವಾಂತಿ ಶುರುವಾಗುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಎತ್ತರ ಇರಬಾರದು. ಜೆಲೊಂಡಿಯಲ್ಲಿ ಎರಡು ರಾತ್ರಿ ಉಳಿಯಿರಿ. ಕೂತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ ಬೆಳಗಿನವರೆಗೆ ಕಾಯದೆ ಕೆಳಗಿಳಿಯಿರಿ. ದಾರಿಯ ಅತಿ ಎತ್ತರದ ಕಣಿವೆಮಾರ್ಗ ಅಕ್-ಬೈತಾಲ್, 4,655 ಮೀಟರ್, ಮುರ್ಘಾಬ್ ದಾಟಿದ ಮೇಲೆ ಬರುತ್ತದೆ; ಅಷ್ಟರಲ್ಲಿ ಮೈ ಪಳಗಿರುತ್ತದೆ. ಪ್ರವಾಸ ವಿಮೆ ಕೊಳ್ಳುವಾಗ ಎಷ್ಟು ಮೀಟರ್‌ವರೆಗೆ ರಕ್ಷಣೆ, ಸೈಕಲ್ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಸೈಕಲ್ ಸ್ಟೀಲ್ ಫ್ರೇಮಿನದಾಗಿರಲಿ, ಟೈರ್ ಕನಿಷ್ಠ 2 ಇಂಚು ಅಗಲ. ಅಲೆಅಲೆಯಾದ ಮಣ್ಣುರಸ್ತೆಯಲ್ಲಿ ಮೊದಲು ಮುರಿಯುವುದು ಹಿಂದಿನ ಚಕ್ರದ ಕಡ್ಡಿ, ಅದೂ ಚೈನಿನ ಬದಿಯದು. ಸಾಮಾನೆಲ್ಲ ಹಿಂದೆಯೇ ಹೇರುವುದೇ ಕಾರಣ, ಮುಂದಕ್ಕೂ ಎರಡು ಚೀಲ ಹಂಚಿ. ಎರಡೂ ಬದಿಯ ಕಡ್ಡಿಗಳ ಉದ್ದ ಬೇರೆಬೇರೆ. ಬದಿಗೆ ಮೂರರಂತೆ ಆರು ಕಡ್ಡಿ, ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವ ಸಲಕರಣೆ, ನಿಮ್ಮ ಫ್ರೇಮಿಗೇ ಸರಿಹೊಂದುವ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ತುಂಡು) ಒಯ್ಯಿರಿ. ಕ್ಯಾಸೆಟ್ ಬಿಚ್ಚಿ ಕಡ್ಡಿ ಹಾಕುವುದನ್ನು ಮನೆಯಲ್ಲಿ ಒಮ್ಮೆ ಕೈಯಾರೆ ಮಾಡಿ ನೋಡಿ.

ಊಟದ ವಿಚಾರದಲ್ಲಿ ತೊಗರಿಬೇಳೆ ಹೊತ್ತುಕೊಂಡು ಹೋಗಬೇಡಿ. 4,000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಸ್ಟೌವಿನ ಪೆಟ್ರೋಲ್ ಮಾತ್ರ ಖಾಲಿ. ತೆಳು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಎರಡೆರಡು ಕಿಲೋ ಸಾಕು. ಜೊತೆಗೆ ಅಲ್ಲಿನ ರೊಟ್ಟಿ, ಚಹಾ ಎಲ್ಲ ಮನೆಗಳಲ್ಲೂ ಸಿಗುತ್ತದೆ. ಮಾಂಸ ತಿನ್ನದವರಿಗೆ ಮುರ್ಘಾಬ್ ಕಷ್ಟದ ಊರು, ಮರವೇ ಇಲ್ಲದ ಕಡೆ ತರಕಾರಿ ಎಲ್ಲಿಂದ ಬರಬೇಕು? ಅಲ್ಲಿಂದ ಕರಾಕುಲ್‌ವರೆಗೆ ಸುಮಾರು 130 ಕಿ.ಮೀ. ಅಂಗಡಿಗಳಿಲ್ಲ, ಆರು ಲೀಟರ್ ನೀರು ಹಿಡಿಸುವಷ್ಟು ಬಾಟಲಿ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಎಟಿಎಂ ನಂಬದೆ ಹೊಸ ಡಾಲರ್ ನೋಟುಗಳನ್ನು ಜೊತೆಗಿಡಿ.

ಕಿಜಿಲ್-ಆರ್ಟ್ ಗಡಿ ಈಚಿನ ವರ್ಷಗಳಲ್ಲಿ ದೀರ್ಘಕಾಲ ಮುಚ್ಚಿತ್ತು. 2025ರ ಮಾರ್ಚ್‌ನಲ್ಲಿ ಎರಡೂ ದೇಶ ಗಡಿ ಒಪ್ಪಂದಕ್ಕೆ ಸಹಿ ಹಾಕಿವೆ, ಆದರೂ ದಾಟಲು ಮುಂಗಡ ಅನುಮತಿ ಬೇಕೇ ಎಂದು ಹೊರಡುವ ವಾರದಲ್ಲೇ ಓಶ್‌ನ ಟ್ರಾವೆಲ್ ಏಜೆನ್ಸಿಯಲ್ಲಿ ವಿಚಾರಿಸಿ. ವಾಪಸ್ ಟಿಕೆಟ್ ದಿನಾಂಕ, ಊರು ಎರಡೂ ಬದಲಿಸಬಹುದಾದದ್ದೇ ಇರಲಿ. ಗಡಿ ತೆರೆಯದಿದ್ದರೆ ಮುರ್ಘಾಬ್‌ನಿಂದ ಸೈಕಲನ್ನು ಜೀಪಿನ ಮೇಲೆ ಕಟ್ಟಿಕೊಂಡು ಖೊರೋಗ್‌ಗೆ, ಅಲ್ಲಿಂದ ದುಶಾನ್‌ಬೆಗೆ ಮರಳಬೇಕಾಗುತ್ತದೆ.