ಗಾಳಿಗೆ ಬಿದ್ದ ಮರವನ್ನು ಚೈನ್ ಸಾ ಹಿಡಿದು ನಾನೇ ಕೊಯ್ಯಬಹುದಾ?

ದೊಡ್ಡ ಹಲಸಿನ ಮರ ಬೇರು ಸಮೇತ ಅಡಿಕೆ ತೋಟದೊಳಗೆ ಬಿದ್ದಿದೆ, ಆಳು ಸಿಗುತ್ತಿಲ್ಲ, ಹೊಸ ಚೈನ್ ಸಾ ತಂದಿದ್ದೀರಿ, ಇದುವರೆಗೆ ಒಣ ಸೌದೆ ಬಿಟ್ಟು ಬೇರೇನೂ ಕೊಯ್ದಿಲ್ಲ ಎಂದು ಬರೆದಿದ್ದೀರಿ. ಪಕ್ಕದ ವಾಲಿದ ಸಿಲ್ವರ್ ಓಕ್ ಮರವನ್ನೂ ಕಡಿಯುವ ಯೋಚನೆ ಇದೆ.

ಸಣ್ಣ ಗೆಲ್ಲುಗಳನ್ನು ನೀವೇ ಕೊಯ್ಯಿರಿ. ಹಲಸಿನ ಬುಡಕ್ಕೂ ಆ ಸಿಲ್ವರ್ ಓಕ್‌ಗೂ ಈಗ ಕೈ ಹಾಕಬೇಡಿ.

ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ತೋಟ. ಹನ್ನೆರಡು ಮಳೆಗಾಲದಿಂದ ಈ ಮಿಷನ್ ಹಿಡಿದಿದ್ದೇನೆ. ಮರ ಬಿದ್ದಾಯ್ತಲ್ಲ, ಇನ್ನೇನು ಭಯ ಅಂತ ನನಗೂ ಅನ್ನಿಸಿತ್ತು. ಮೂರನೇ ವರ್ಷ ಹೀಗೇ ಬಿದ್ದ ಒಂದು ಮರವನ್ನು ಬುಡದ ಹತ್ತಿರ ಕೊಯ್ದೆ. ತುಂಡಾಗಿದ್ದೇ ತಡ, ನಮ್ಮಷ್ಟೆತ್ತರ ಎದ್ದು ನಿಂತಿದ್ದ ಬೇರಿನ ಗಡ್ಡೆ ಮಣ್ಣು ಸಮೇತ ಹಿಂದಕ್ಕೆ ಮಗುಚಿ ಗುಂಡಿಗೆ ಕೂತಿತು. ಅರ್ಧ ಗಂಟೆ ಮೊದಲು ನಾನು ಅದೇ ಗುಂಡಿಯಲ್ಲಿ ನಿಂತು ಬೇರು ಸವರುತ್ತಿದ್ದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ. ಗಡ್ಡೆಯನ್ನು ಅಷ್ಟು ಹೊತ್ತು ಎತ್ತಿ ಹಿಡಿದಿದ್ದದ್ದು ಕಾಂಡದ ಭಾರ ಮಾತ್ರ. ಅದನ್ನು ನಾನೇ ಕೊಯ್ದು ತೆಗೆದಿದ್ದೆ.

ಬಿದ್ದ ಮರ ಎಳೆದು ಹಿಡಿದ ಬಿಲ್ಲಿನ ಹಾಗೆ. ಒಂದು ಕಡೆ ನಾರು ಎಳೆದುಕೊಂಡಿರುತ್ತದೆ, ಇನ್ನೊಂದು ಕಡೆ ಒತ್ತಿಕೊಂಡಿರುತ್ತದೆ. ಯಾವ ಕಡೆ ಯಾವುದು ಅಂತ ನೋಡದೆ ಚೈನ್ ಇಡಲೇಬಾರದು. ದಿಮ್ಮಿಯ ಎರಡೂ ತುದಿ ನೆಲಕ್ಕೆ ಆನಿಕೊಂಡು ನಡು ತೂಗುತ್ತಿದ್ದರೆ ಒತ್ತಡ ಮೇಲ್ಗಡೆ ಇರುತ್ತದೆ. ಆಗ ಮೇಲಿನಿಂದ ಮೂರನೇ ಒಂದು ಭಾಗ ಮಾತ್ರ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಬೇಕು. ಪೂರ್ತಿ ಮೇಲಿನಿಂದಲೇ ಹೋದರೆ ಕೊಯ್ದ ಬಾಯಿ ಮುಚ್ಚಿಕೊಂಡು ಮರ ಬಾರನ್ನು, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿಯನ್ನು, ಕಚ್ಚಿಕೊಳ್ಳುತ್ತದೆ. ಒಂದೇ ತುದಿ ಆಧಾರದಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಲೆಕ್ಕ ಉಲ್ಟಾ. ಮೊದಲು ಕೆಳಗೆ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಮುಗಿಸಿ. ಕೆಳಗಿನಿಂದ ಕೊಯ್ಯುವಾಗ ಮಿಷನ್ ನಿಮ್ಮ ಕಡೆಗೇ ತಳ್ಳುತ್ತದೆ, ಅದಕ್ಕೆ ಸಿದ್ಧರಾಗಿ ನಿಲ್ಲಿ. ಇಳಿಜಾರಾದರೆ ಯಾವಾಗಲೂ ಮೇಲ್ಭಾಗದಲ್ಲಿ ನಿಲ್ಲಬೇಕು, ದಿಮ್ಮಿ ಉರುಳುವ ಕಡೆಯಲ್ಲ.

ನಿಮ್ಮ ತೋಟದಲ್ಲಿ ಇನ್ನೊಂದು ಅಪಾಯ ಇದೆ. ಹಲಸಿನ ಕೆಳಗೆ ಸಿಕ್ಕಿಬಿದ್ದ ಅಡಿಕೆ ಮರಗಳು ಮುರಿಯದೆ ಬಾಗಿರುತ್ತವೆ, ಅಲ್ವಾ? ಅಡಿಕೆ ಎಷ್ಟು ಬಳುಕುತ್ತದೆ ಅಂತ ನಿಮಗೆ ಗೊತ್ತು. ಮೇಲಿನ ಗೆಲ್ಲು ತೆಗೆದ ಕ್ಷಣ ಅದು ಚಿಮ್ಮಿ ಏಳುತ್ತದೆ. ಎದೆಗೋ ದವಡೆಗೋ ಬಡಿದರೆ ಉಳಿಯುವುದು ಕಷ್ಟ.

ಇನ್ನು ಮಿಷನ್. ಅದರ ಬಾರಿನ ಮೂತಿ ಇದೆಯಲ್ಲ, ಆ ಮೂತಿಯ ಮೇಲಿನ ಅರ್ಧ ಯಾವುದಕ್ಕೂ ತಾಗಬಾರದು. ಓಡುವ ಚೈನ್ ಅಲ್ಲಿ ಗಟ್ಟಿ ವಸ್ತುವಿಗೆ ತಾಗಿದರೆ ಇಡೀ ಬಾರ್ ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಎಗರುತ್ತದೆ. ಕೈ ಬಿಗಿ ಮಾಡುವಷ್ಟು ಹೊತ್ತೂ ಸಿಗುವುದಿಲ್ಲ. ಗೆಲ್ಲು ಸವರುವಾಗಲೇ ಇದು ಜಾಸ್ತಿ ಆಗುತ್ತದೆ, ಎಲೆಯ ಹಿಂದೆ ಇನ್ನೊಂದು ಗೆಲ್ಲು ಅಡಗಿರುತ್ತದೆ. ಹಾಗಾಗಿ ಎರಡೂ ಕೈಯಲ್ಲಿ ಹಿಡಿಯಿರಿ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿರಲಿ. ಬಾರಿನ ನೇರಕ್ಕೆ ತಲೆ ತರದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ, ಏಣಿ ಮೇಲೆ ನಿಂತಂತೂ ಬೇಡವೇ ಬೇಡ. ಓಡುವ ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಕೆಲಸ ಮಾಡುತ್ತದಾ ಅಂತ ದಿನಾ ಬೆಳಿಗ್ಗೆ ನೋಡಿ. ಎರಡು ಹೆಜ್ಜೆ ನಡೆಯುವುದಿದ್ದರೂ ಬ್ರೇಕ್ ಹಾಕಿ.

ಲುಂಗಿ, ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯುವವರನ್ನು ನಮ್ಮೂರಲ್ಲಿ ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಮಿಷನ್‌ಗೆ ಅಷ್ಟು ದುಡ್ಡು ಕೊಟ್ಟಿದ್ದೀರಿ, ಕಾಲಿಗೆ ಹಾಕುವ ಚಾಪ್ಸ್ ಕೂಡ ತನ್ನಿ. ಅದರೊಳಗೆ ಉದ್ದುದ್ದ ನಾರಿನ ಪದರಗಳಿರುತ್ತವೆ. ಚೈನ್ ತಾಗಿದರೆ ಆ ನಾರು ಹೊರಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಚೈನ್ ನಿಲ್ಲಿಸುತ್ತದೆ. ಬೂಟು, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ಬೇಕು. ಸದ್ದು 100 ಡೆಸಿಬೆಲ್ ದಾಟುತ್ತದೆ, ಕಿವಿಗೂ ಮುಚ್ಚಳ ಬೇಕು.

ಚೈನ್ ಹರಿತವಾಗಿರಲಿ. ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಬಂದರೆ ಅರ ಹಾಕುವ ಹೊತ್ತಾಯಿತು ಅಂತ ಅರ್ಥ. ಮೊಂಡ ಚೈನನ್ನು ಒತ್ತಿ ಕೊಯ್ಯಲು ಹೋದರೆ ಕೈ ಜಾರುತ್ತದೆ. ಪೆಟ್ರೋಲ್ ಹಾಕುವಾಗ ಎಂಜಿನ್ ತಣ್ಣಗಿರಲಿ, ಹಾಕಿದ ಜಾಗದಿಂದ ಮೂರು ಮೀಟರ್ ದೂರ ಬಂದು ಸ್ಟಾರ್ಟ್ ಮಾಡಿ.

ಸಿಲ್ವರ್ ಓಕ್ ಬೇಡ ಎಂದದ್ದಕ್ಕೆ ಕಾರಣ ಇದೆ. ನೇರ ಮರಕ್ಕಾದರೆ ಬೀಳಬೇಕಾದ ಕಡೆಗೆ ಬುಡದ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ತೆರೆದ ಬಾಯಿಯಂಥ ಕಚ್ಚು ತೆಗೆದು, ಹಿಂದಿನಿಂದ ಕೊಯ್ಯುತ್ತಾರೆ. ನಡುವೆ ಮರದ ದಪ್ಪದ ಹತ್ತನೇ ಒಂದು ಭಾಗ ಕೊಯ್ಯದೆ ಬಿಡುತ್ತಾರೆ. ಬಾಗಿಲಿಗೆ ಕೀಲು ಇದ್ದ ಹಾಗೆ, ಮರವನ್ನು ನಡೆಸುವುದು ಅದೇ. ವಾಲಿದ ಮರ ಹಿಂದಿನ ಕೊಯ್ತ ಮುಗಿಯುವ ಮೊದಲೇ ಉದ್ದಕ್ಕೆ ಸೀಳಿ, ಸೀಳಿದ ಭಾಗ ಕೊಯ್ಯುವವನ ಮೇಲೆ ಒದೆಯಬಹುದು. ಜೊತೆಗೆ ಮೆಣಸಿನ ಬಳ್ಳಿ ಎರಡು ಮರಕ್ಕೆ ಹಬ್ಬಿದ್ದರೆ ಬೀಳುವ ದಿಕ್ಕೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದನ್ನು ಪಳಗಿದವರಿಗೇ ಬಿಡಿ.

ನಾಳೆ ಬೆಳಿಗ್ಗೆ ಮೊದಲು ಮಿಷನ್ ಇಲ್ಲದೆ ಹಲಸಿನ ಸುತ್ತ ಒಂದು ಸುತ್ತು ಬನ್ನಿ. ಕರೆಂಟ್ ತಂತಿ ತಾಗಿದ್ದರೆ ಹತ್ತಿರ ಹೋಗದೆ ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಬಾಗಿದ ಪ್ರತಿ ಅಡಿಕೆ ಮರಕ್ಕೂ ಸುಣ್ಣದ ಗುರುತು ಹಾಕಿ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮನೆಯವರೊಬ್ಬರು ಇರಲಿ. ಬೇರಿನ ಗುಂಡಿಯ ಹತ್ತಿರ ಮಾತ್ರ ಯಾರನ್ನೂ, ಮಕ್ಕಳನ್ನಂತೂ, ಬಿಡಬೇಡಿ.