ಗುಳಿಗೆ ಕೊಡಲಿಕ್ಕೂ ಆಧಾರ್ ಬೇಕಾ?

ಓದುಗರ ಪ್ರಶ್ನೆಗಳಿಗೆ ಈ ಪುಟದಲ್ಲಿ ಉತ್ತರ ಬರೆಯುವವರು ಕಲಬುರಗಿಯ ನಿವೃತ್ತ ಫಾರ್ಮಸಿಸ್ಟ್. 21 ವರ್ಷ ಸರಕಾರಿ ದವಾಖಾನೆಯ ಔಷಧ ಕಿಟಕಿಯಲ್ಲಿ, ಆಮೇಲೆ 13 ವರ್ಷ ಗೆಳೆಯರ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡಿದವರು.

ಪ್ರಶ್ನೆ: ಸರ್, ನಮ್ಮದು ಆಳಂದ ತಾಲೂಕಿನ ಒಂದು ಹಳ್ಳಿ. ಅಪ್ಪ ಹೋದ ಮೇಲೆ ಅವ್ವನಿಗೆ ನಿದ್ದೆಯೇ ಇಲ್ಲ. ಸೊಲ್ಲಾಪುರದಲ್ಲಿ ತೋರಿಸಿದೆವು. ಡಾಕ್ಟರ್ ಆಲ್ಪ್ರಜೋಲಾಮ್ ಬರೆದುಕೊಟ್ಟರು, ರಾತ್ರಿ ಒಂದು, 15 ದಿನಕ್ಕೆ. ಬಸ್ಸಿಗೆ ಹೊತ್ತಾಯಿತು ಅಂತ ಅಲ್ಲಿ ಗುಳಿಗೆ ತಗೊಳ್ಳಲಿಲ್ಲ. ಮರುದಿನ ನನಗೆ ಕಲಬುರಗಿಯಲ್ಲಿ ಕೆಲಸವಿತ್ತು. ಸೂಪರ್ ಮಾರ್ಕೆಟ್ ಕಡೆ ಒಂದು ಮೆಡಿಕಲ್‌ಗೆ ಹೋದೆ. ಹುಡುಗ ಚೀಟಿ ನೋಡಿದ, ನನ್ನ ಮುಖ ನೋಡಿದ. "ಆಧಾರ್ ಕಾರ್ಡ್ ತೋರ್ಸ್ರಿ" ಎಂದ. ಚೀಟಿ ಅವ್ವನದು ಅಂದೆ. "ಹಂಗಾದ್ರ ಅವ್ವನ್ನೇ ಕರ್ಕೊಂಡು ಬರ್ರಿ. ಇದು ನಶಾದ ಗುಳಿಗಿ ಅದ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನನ್ನ ಹಿಂದೆ ನಿಂತವರಲ್ಲಿ ನಮ್ಮೂರಿನವರೂ ಒಬ್ಬರಿದ್ದರು. ಕೊನೆಗೆ ನನ್ನ ಆಧಾರ್ ಝೆರಾಕ್ಸ್ ಕೊಟ್ಟು ಗುಳಿಗೆ ತಂದೆ. ಹೀಗೆ ಕೇಳಲು ಕಾನೂನಿದೆಯಾ? 62 ವರ್ಷದ ಅವ್ವನನ್ನು ಪ್ರತಿ ಸಲ ಕರೆದುಕೊಂಡು ಹೋಗಬೇಕಾ? ಆ ಝೆರಾಕ್ಸ್‌ನಿಂದ ಏನಾದರೂ ತೊಂದರೆ ಆಗುತ್ತದಾ?
(ಹೆಸರು ಬೇಡ ಎಂದು ಕೇಳಿಕೊಂಡಿದ್ದಾರೆ)

ಉತ್ತರ: ತಂಗಿ, ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಆ ಗುಳಿಗೆಗೆ ಡಾಕ್ಟರ್ ಚೀಟಿ ಬೇಕೇ ಬೇಕು. ಅವ್ವನ ಹೆಸರು, ಊರು ಕೇಳುವುದು ಅಂಗಡಿಯವರ ಕೆಲಸ, ಕೇಳಲೇಬೇಕು. ಆಧಾರ್ ಬೇಕು ಅಂತ ಔಷಧ ಕಾನೂನಿನಲ್ಲಿ ಎಲ್ಲೂ ಇಲ್ಲ. ಅವ್ವ ಬಂದು ನಿಲ್ಲಬೇಕಾಗಿಯೂ ಇಲ್ಲ. ಏಳಲಾಗದ ರೋಗಿಗೇ ತಾನೇ ಔಷಧ ಜಾಸ್ತಿ ಬೇಕಾಗುವುದು? ಅವರೇ ಅಂಗಡಿಗೆ ಬರಬೇಕು ಅಂದರೆ ಹೇಗೆ?

ಇನ್ನು ಹುಡುಗ ಯಾಕೆ ಹೆದರಿದ ಅನ್ನುವುದು. ಆಲ್ಪ್ರಜೋಲಾಮ್ ಇರುವುದು ನಾವು 'ಎಚ್ ಒನ್' ಅನ್ನುವ ಪಟ್ಟಿಯಲ್ಲಿ. 1945ರ ಔಷಧ ನಿಯಮಗಳಿಗೆ 2013ರಲ್ಲಿ ಸೇರಿಸಿದ ಪಟ್ಟಿ ಅದು, ಜಾರಿಗೆ ಬಂದದ್ದು 2014ರ ಮಾರ್ಚ್ 1ರಿಂದ. ಮೊದಲ ಪಟ್ಟಿಯಲ್ಲಿ 46 ಔಷಧಗಳಿದ್ದವು. ನಿಮ್ಮ ಹತ್ತಿರ ಇರುವ ಸ್ಟ್ರಿಪ್ ತಿರುಗಿಸಿ ನೋಡಿ, ಕೆಂಪು ಗೆರೆಯ ಚೌಕಟ್ಟಿನೊಳಗೆ ಎಚ್ಚರಿಕೆ ಬರೆದಿರುತ್ತದೆ. ಈ ಔಷಧ ಮಾರಿದರೆ ಅಂಗಡಿಯವರು ಬೇರೆಯೇ ಒಂದು ರಿಜಿಸ್ಟರ್‌ನಲ್ಲಿ ಬರೆಯಬೇಕು. ಬರೆದುಕೊಟ್ಟ ಡಾಕ್ಟರ್ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಕೊಟ್ಟೆವು. ಇಷ್ಟೇ. ಆ ರಿಜಿಸ್ಟರ್ 3 ವರ್ಷ ಇಟ್ಟುಕೊಳ್ಳಬೇಕು. ಔಷಧ ಒಯ್ಯಲು ಬಂದವರು ಯಾರು ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಅಂದಮೇಲೆ ನಿಮ್ಮ ಕಾರ್ಡಿನ ನಂಬರ್ ಎಲ್ಲಿ ಬರೆಯುತ್ತಾರೆ?

ಇನ್ನೊಂದು ಮಾತು. ಜ್ವರ, ಗಂಟಲು ನೋವಿಗೆ ಬರೆಯುವ ಸೆಫಿಕ್ಸಿಮ್ ಕೂಡ ಇದೇ ಪಟ್ಟಿಯಲ್ಲಿದೆ. ಅದಕ್ಕೂ ಚೀಟಿ ಬೇಕು, ರಿಜಿಸ್ಟರ್ ಬೇಕು. ಆದರೆ ಎಷ್ಟೋ ಅಂಗಡಿಗಳಲ್ಲಿ "ಜ್ವರ ಬಂದದ" ಅಂದರೆ ಸಾಕು, ಚೀಟಿ ಇಲ್ಲದೆಯೇ ಕತ್ತರಿಯಿಂದ ಆರು ಗುಳಿಗೆ ಕತ್ತರಿಸಿ ಕೊಡುತ್ತಾರೆ. ಅಲ್ಲಿ ಇಲ್ಲದ ಕಾನೂನು ನಿಮ್ಮ ಅವ್ವನ ನಿದ್ದೆ ಗುಳಿಗೆಗೆ ಮಾತ್ರ ಎಲ್ಲಿಂದ ಬಂತು?

ಬಂದದ್ದು ಭಯದಿಂದ. ಅದನ್ನೂ ಹೇಳಬೇಕು, ಯಾಕಂದರೆ ನಾನೂ ಕೌಂಟರಿನ ಆ ಕಡೆ ನಿಂತವನು. ಆಲ್ಪ್ರಜೋಲಾಮ್ ಮಾದಕ ವಸ್ತುಗಳ ಕಾನೂನಿನ ಕೆಳಗೂ ಬರುತ್ತದೆ. ನೋವಿಗೆ ಕೊಡುವ ಟ್ರಾಮಡಾಲ್ 2018ರಿಂದ ಅದೇ ಕಾನೂನಿನ ಕೆಳಗೆ ಬಂತು. ಅಧಿಕಾರಿಗಳು ತಪಾಸಣೆಗೆ ಬಂದರೆ ಎಷ್ಟು ತಂದಿರಿ, ಎಷ್ಟು ಮಾರಿದಿರಿ, ಎಷ್ಟು ಉಳಿದಿದೆ ಅಂತ ಒಂದೊಂದೇ ಸ್ಟ್ರಿಪ್ ತಾಳೆ ನೋಡುತ್ತಾರೆ. ಹತ್ತು ಗುಳಿಗೆ ಕಡಿಮೆ ಬಂದರೂ ಉತ್ತರ ಕೊಡಬೇಕು. ಒಮ್ಮೆ ಒಬ್ಬ ಹುಡುಗ ತಂದ ಚೀಟಿಯಲ್ಲಿ 10 ಅನ್ನುವುದು 100 ಆಗಿತ್ತು. ಡಾಕ್ಟರ್ ಬರೆದದ್ದು ನೀಲಿ ಶಾಯಿ, ಕೊನೆಯ ಸೊನ್ನೆ ಮಾತ್ರ ಕಪ್ಪು! "ಏನಪ್ಪಾ, ಡಾಕ್ಟರ್ ಸಾಹೇಬ್ರು ಸೊನ್ನಿಗೊಂದು ಬ್ಯಾರೆ ಪೆನ್ ಇಟ್ಟಾರೇನು?" ಅಂದೆ. ಚೀಟಿ ಅಲ್ಲೇ ಬಿಟ್ಟು ಓಡಿದ. ಇಂಥವರಿಂದಾಗಿ ನಿಮ್ಮಂಥವರ ಮುಖವನ್ನೂ ಅನುಮಾನದಿಂದ ನೋಡುವ ಚಟ ಅಂಗಡಿಯವರಿಗೆ ಹತ್ತಿಬಿಡುತ್ತದೆ. ತಪ್ಪು. ಆದರೆ ಹೀಗೇ ಹತ್ತುತ್ತದೆ.

ಚೀಟಿಯ ಮೇಲೆ ಅನುಮಾನ ಬಂದರೆ ನೋಡಬೇಕಾದದ್ದು ಚೀಟಿಯನ್ನೇ. ತಾರೀಖು ಇದೆಯಾ, ಸಹಿ ಇದೆಯಾ, ಡಾಕ್ಟರ್ ನೋಂದಣಿ ಸಂಖ್ಯೆ ಇದೆಯಾ, ರೋಗಿಯ ಹೆಸರು, ವಿಳಾಸ ಇದೆಯಾ, ಎಷ್ಟು ದಿನಕ್ಕೆ ಅಂತ ಇದೆಯಾ. ಆದರೂ ಸಮಾಧಾನ ಆಗದಿದ್ದರೆ ಡಾಕ್ಟರಿಗೆ ಒಂದು ಫೋನ್. ಚೀಟಿ ಕಳ್ಳ ಚೀಟಿಯಾದರೆ ಆಧಾರ್ ಇಟ್ಟುಕೊಂಡ ಮಾತ್ರಕ್ಕೆ ಅದು ಒಳ್ಳೆಯದಾಗುತ್ತದಾ? ಸೊಲ್ಲಾಪುರದ ಚೀಟಿ ಇಲ್ಲಿ ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಔಷಧ ಕಾನೂನು ಇಡೀ ದೇಶಕ್ಕೆ ಒಂದೇ. ಆಳಂದ, ಅಫಜಲಪುರದ ಜನ ಸೊಲ್ಲಾಪುರಕ್ಕೆ, ಚಿಂಚೋಳಿಯ ಜನ ಹೈದರಾಬಾದಿಗೆ ಹೋಗುವುದು ಇವತ್ತಿನ ಮಾತಲ್ಲ.

ಇಷ್ಟು ಹೇಳಿದ ಮೇಲೆ, "ನೀವು ಯಾರು, ಯಾವ ಊರು" ಅಂತ ಕೇಳಿದ್ದಕ್ಕೇ ಬೇಸರ ಮಾಡಿಕೊಳ್ಳಬೇಡಿ ಅಂತಲೂ ಹೇಳಬೇಕು. ಅದಕ್ಕೆ ನನ್ನದೇ ಒಂದು ತಪ್ಪಿನ ಕಥೆ ಇದೆ.

1990ರ ಆಸುಪಾಸು. ನಾನಿನ್ನೂ ದವಾಖಾನೆಯ ಕಿಟಕಿಗೆ ಹೊಸಬ. ನಮ್ಮ ಊರಿನ ಹೆಸರುಗಳು ನಿಮಗೆ ಗೊತ್ತಲ್ಲ. ಶರಣಬಸವೇಶ್ವರರ ಗುಡಿ ಇರುವ ಊರು, ಮನೆಗೊಬ್ಬ ಶರಣಪ್ಪ, ಶರಣಬಸಪ್ಪ, ಶರಣಮ್ಮ. ಬಂದೇ ನವಾಜರ ದರ್ಗಾ ಇರುವ ಊರು, ಓಣಿಗೆ ನಾಲ್ಕು ಜನ ಖಾಜಾ. ಸೋಮವಾರದ ಗದ್ದಲ. "ಶರಣಪ್ಪಾ..." ಅಂತ ಕೂಗಿದೆ. ರುಮಾಲು ಸುತ್ತಿದ ಒಬ್ಬ ಹಿರಿಯರು ಎದ್ದು ಬಂದರು. ಪೊಟ್ಟಣ ಕೊಟ್ಟೆ, "ಊಟಕ್ಕಿಂತ ಮೊದಲು ಒಂದು" ಅಂದೆ. ತಲೆ ಅಲ್ಲಾಡಿಸಿ ಹೋದರು. ಐದು ನಿಮಿಷದ ಮೇಲೆ ಇನ್ನೊಬ್ಬರು ಕಿಟಕಿಗೆ ಬಂದರು. "ನಾ ಶರಣಪ್ಪರಿ. ನನ್ನ ಶುಗರ್ ಗುಳಿಗಿ ಎಲ್ಲಿ?"

ನನ್ನ ಕೈಕಾಲು ತಣ್ಣಗಾದವು. ಶುಗರ್ ಇಲ್ಲದವರು ಗ್ಲಿಬೆನ್‌ಕ್ಲಮೈಡ್ ನುಂಗಿದರೆ ರಕ್ತದ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ವಯಸ್ಸಾದವರಲ್ಲಿ ಜೀವಕ್ಕೇ ಬರಬಹುದು. ಕಿಟಕಿ ಬಿಟ್ಟು ಓಡಿದೆ. ಪುಣ್ಯ, ಹಿರಿಯರು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಬಸಿಯಲ್ಲಿ ಚಹಾ ಸುರಿದುಕೊಂಡು ಕೂತಿದ್ದರು. ಪೊಟ್ಟಣ ಬಿಚ್ಚಿರಲಿಲ್ಲ. "ಮುತ್ಯಾ, ನಿಮಗ ಏನು ತ್ರಾಸ?" ಅಂದೆ. "ಮೊಣಕಾಲ ಬ್ಯಾನಿ ಅಪ್ಪಾ. ಯಾಕ?"

ಆವತ್ತಿನಿಂದ ಹೆಸರು ಒಂದೇ ಕೇಳುವುದನ್ನು ಬಿಟ್ಟೆ. ಅಪ್ಪನ ಹೆಸರು, ಊರು. ಅದೂ ಸಾಲದು ಅಂತ ಆಮೇಲೆ ತಿಳಿಯಿತು. ಇಬ್ಬರು ಶರಣಪ್ಪ, ಇಬ್ಬರ ಅಪ್ಪಂದಿರೂ ಬಸಪ್ಪ, ಇಬ್ಬರೂ ಜೇವರ್ಗಿ ಕಡೆಯವರು ಒಂದೇ ದಿನ ಬಂದರು ನೋಡಿ! ವಯಸ್ಸೂ ಸೇರಿಸಿದೆ. ಇನ್ನೊಂದನ್ನೂ ಕಲಿತೆ. "ನಿಮ್ಮ ಹೆಸರು ಶರಣಪ್ಪ ಏನ್ರಿ?" ಅಂತ ಕೇಳಬಾರದು. ಅರ್ಧ ಜನ ಸುಮ್ನೆ ಹೂಂ ಅಂದುಬಿಡುತ್ತಾರೆ, ಕಿವಿ ಕೇಳದವರಂತೂ ಖಂಡಿತ. "ನಿಮ್ಮ ಹೆಸರು ಏನ್ರಿ?" ಅಂತ ಕೇಳಿ ಅವರ ಬಾಯಿಂದಲೇ ಬರಿಸಬೇಕು. "ಇಷ್ಟು ವರ್ಷದಿಂದ ನೋಡಿ ಮತ್ತ ಹೆಸರು ಕೇಳ್ತೀರಲ್ಲ" ಅಂತ ಎಷ್ಟೋ ಮಂದಿ ನನ್ನ ಮೇಲೆ ಸಿಟ್ಟಾದರು. ಆಗಲಿ ಬಿಡಿ ಅಂತ ಕೇಳುತ್ತಲೇ ಹೋದೆ.

ನಿಮ್ಮ ಪ್ರಸಂಗದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಆಧಾರ್ ಅಲ್ಲ. "ನಶಾದ ಗುಳಿಗಿ" ಅಂತ ಹತ್ತು ಮಂದಿ ಎದುರು ಕೂಗಿದ್ದು. ಗಂಡನನ್ನು ಕಳಕೊಂಡ ಹೆಣ್ಣುಮಗಳಿಗೆ ಡಾಕ್ಟರ್ ಬರೆದ ಔಷಧ ಅದು. ಅಂಗಡಿಯ ಮಾಲಕರಿಗೆ ಸಮಾಧಾನದಿಂದಲೇ ಈ ಮಾತು ಹೇಳಿ ಬನ್ನಿ. ಹುಡುಗನಿಗಲ್ಲ, ಮಾಲಕರಿಗೆ. ಮತ್ತೆ ಒಂದು ವಿಷಯ ಗಮನಿಸಿ. ಎಚ್ ಒನ್ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಮುಂದೆ ನಿಂತು ಕೊಡಿಸಬೇಕು. ಅವರ ಹೆಸರಿನ ಪ್ರಮಾಣಪತ್ರ ಅಂಗಡಿಯ ಗೋಡೆಗೆ ತೂಗುಹಾಕಿರುತ್ತದೆ. "ಫಾರ್ಮಸಿಸ್ಟ್ ಯಾರ್ರಿ ಇಲ್ಲಿ?" ಅಂತ ಕೇಳಿದರೆ ಅರ್ಧ ದನಿ ತಾನಾಗಿಯೇ ಇಳಿಯುತ್ತದೆ.

ಈಗ ಝೆರಾಕ್ಸ್. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆಧಾರ್ ತೀರ್ಪು ಕೊಟ್ಟಾಗ, ಖಾಸಗಿಯವರು ಆಧಾರ್ ಬಳಸಲು 57ನೇ ಕಲಮಿನಲ್ಲಿದ್ದ ದಾರಿಯನ್ನು ಮುಚ್ಚಿತು. ನೀವಾಗಿ ಒಪ್ಪಿ ತೋರಿಸುವುದು ಬೇರೆ, ತೋರಿಸದಿದ್ದರೆ ಔಷಧ ಇಲ್ಲ ಅನ್ನುವುದು ಬೇರೆ. ಮುಂದಿನ ಸಲ ಕಲಬುರಗಿಗೆ ಬಂದಾಗ ಆ ಕಾಗದ ವಾಪಸ್ ಕೇಳಿ. ಕೊಟ್ಟರೆ ಸರಿ. ಕೊಡದಿದ್ದರೆ ಅದರ ಮೇಲೆ ಅಡ್ಡ ಗೆರೆ ಎಳೆದು, "ಔಷಧ ಖರೀದಿಗೆ ಮಾತ್ರ" ಅಂತ ತಾರೀಖು ಸಮೇತ ಬರೆದು ಸಹಿ ಹಾಕಿ ಬನ್ನಿ. ಇನ್ನು ಮೇಲೆ ಎಲ್ಲಾದರೂ ಕೊಡಲೇಬೇಕಾಗಿ ಬಂದರೆ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಬಿಲ್ ಮಾತ್ರ ಬಿಡಬೇಡಿ. ಅದರ ಮೇಲೆ ಅವ್ವನ ಹೆಸರು, ಡಾಕ್ಟರ್ ಹೆಸರು ಬರೆಸಿ.

15 ದಿನ ಮುಗಿದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ಹೋಗಬೇಡಿ. ಡಾಕ್ಟರ್ ಬರೆದಿದ್ದರೆ ಮಾತ್ರ ಒಂದು ಚೀಟಿಗೆ ಎರಡನೇ ಸಲ ಔಷಧ ಸಿಗುತ್ತದೆ. ಈ ಗುಳಿಗೆಯ ವಿಷಯದಲ್ಲಿ ಅದು ಒಳ್ಳೆಯದೇ. ದಿನ ಹೋದಂತೆ ಅದಿಲ್ಲದೆ ನಿದ್ದೆ ಬಾರದ ಹಾಗೆ ಆಗಿಬಿಡುತ್ತದೆ. ಬಹಳ ದಿನ ತಗೊಂಡವರು ಒಮ್ಮೆಲೇ ಬಿಡುವುದೂ ಅಪಾಯ. ಅವ್ವನನ್ನು ಕರೆದುಕೊಂಡು ಹೋಗುವುದಾದರೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ತಮ್ಮನಿಗೆ ಟಿಬಿ. ಊರಲ್ಲಿ ಗೊತ್ತಾಗಬಾರದು ಅಂತ ಯಾದಗಿರಿಯ ಖಾಸಗಿ ಡಾಕ್ಟರಿಗೆ ತೋರಿಸಿ, ಹೊರಗಿನಿಂದಲೇ ಔಷಧ ತರುತ್ತಿದ್ದೇವೆ. ಈಗ ಅಂಗಡಿಯವರು ಅವನ ಪೂರ್ತಿ ವಿಳಾಸ, ಫೋನ್ ನಂಬರ್ ಬೇಕು ಅನ್ನುತ್ತಾರೆ. ಕೊಡದಿದ್ದರೆ ಆಗುವುದಿಲ್ಲವಾ?
(ಸುರಪುರ ತಾಲೂಕಿನ ಓದುಗರು)

ಉತ್ತರ: ಕೊಡಿ. ಇಲ್ಲಿ ಅಂಗಡಿಯವರದು ತಪ್ಪಿಲ್ಲ. ಟಿಬಿ ಔಷಧ ಮಾರಿದವರು ರೋಗಿಯ ವಿವರ ಆರೋಗ್ಯ ಇಲಾಖೆಗೆ ತಿಳಿಸಬೇಕು ಅಂತ 2018ರ ಮಾರ್ಚ್‌ನಲ್ಲೇ ಕೇಂದ್ರ ಸರಕಾರ ಆದೇಶ ಹೊರಡಿಸಿದೆ. ಡಾಕ್ಟರೂ ತಿಳಿಸಬೇಕು. ಹೆಸರು ಇಲಾಖೆಗೆ ಹೋಗುತ್ತದೆ, ಊರ ಕಟ್ಟೆಗಲ್ಲ. ಅರ್ಧಕ್ಕೆ ಔಷಧ ಬಿಟ್ಟವರನ್ನು ಹುಡುಕಿ ಮತ್ತೆ ಶುರು ಮಾಡಿಸಲು ಆ ವಿಳಾಸ ಬೇಕು. ಬಿಟ್ಟು ಹಿಡಿದು ಮಾಡಿದರೆ ಔಷಧಕ್ಕೆ ಬಗ್ಗದ ಟಿಬಿ ಬರುತ್ತದೆ.

ನೀವು ದುಡ್ಡು ಕೊಟ್ಟು ತರುತ್ತಿರುವ ಔಷಧ ಸರಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಟಿಬಿ ರೋಗಿಗಳ ಹೆಸರು ದಾಖಲಿಸುವ ಸರಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ಬರೆಸಿದರೆ ಊಟೋಪಚಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಖಾಸಗಿಯಲ್ಲಿ ತೋರಿಸುವವರಿಗೂ ಇದೆ. ಇದಕ್ಕೆ ಬ್ಯಾಂಕ್ ಖಾತೆ, ಆಧಾರ್ ಕೇಳುತ್ತಾರೆ. ದುಡ್ಡು ನೇರ ಖಾತೆಗೆ ಬರುವುದರಿಂದ ಅಲ್ಲಿ ಕೇಳುವುದಕ್ಕೆ ಅರ್ಥವಿದೆ.

ಪ್ರಶ್ನೆ: ನಾನು ಬೀದರಿನಲ್ಲಿ ಓದುತ್ತಿದ್ದೇನೆ. ಹುಮನಾಬಾದಿನ ನಮ್ಮ ಮಾಮಾ ಫಿಟ್ಸ್ ಔಷಧದ ಚೀಟಿಯನ್ನು ಮೊಬೈಲಿಗೆ ಫೋಟೊ ಹೊಡೆದು ಕಳಿಸಿದರು. ಮೂರು ಅಂಗಡಿ ತಿರುಗಿದೆ. ಇಬ್ಬರು ಕೊಡಲಿಲ್ಲ. ಒಬ್ಬರು ನನ್ನ ಕಾಲೇಜಿನ ಐಡಿ ಕಾರ್ಡ್ ನೋಡಿ ಕೊಟ್ಟರು! ಯಾರದು ಸರಿ?

ಉತ್ತರ: ಆ ಇಬ್ಬರದು. ಔಷಧ ಕೊಟ್ಟ ಅಂಗಡಿಯವರು ಡಾಕ್ಟರ್ ಸಹಿಯ ಮೇಲ್ಗಡೆ ತಮ್ಮ ಅಂಗಡಿಯ ಹೆಸರು, ವಿಳಾಸ, ಕೊಟ್ಟ ತಾರೀಖು ಬರೆಯಬೇಕು ಅಂತ ನಿಯಮ ಇದೆ. ಬಹಳ ಮಂದಿ ಬರೆಯುವುದಿಲ್ಲ, ಅದು ಬೇರೆ ಮಾತು. ಮೊಬೈಲಿನ ಗಾಜಿನ ಮೇಲೆ ಹೇಗೆ ಬರೆಯುವುದು? ಒಂದೇ ಫೋಟೊ ಹತ್ತು ಅಂಗಡಿಗೆ ತೋರಿಸಬಹುದು ಕೂಡ. ನಿಮ್ಮ ಕಾಲೇಜು ಕಾರ್ಡ್ ಹೇಳುವುದು ನೀವು ಯಾವ ತರಗತಿ ಅಂತ ಮಾತ್ರ. ಮಾಮಾನಿಗೆ ಯಾವ ಗುಳಿಗೆ ಅಂತ ಅಲ್ಲ.

ಆದರೆ ಫಿಟ್ಸ್ ಔಷಧ ಒಂದು ಹೊತ್ತೂ ತಪ್ಪಬಾರದು. ಹಾಗಾಗಿ ಗುಳಿಗೆ ಇನ್ನೂ ಒಂದು ವಾರಕ್ಕೆ ಇರುವಾಗಲೇ ಮೂಲ ಚೀಟಿಯನ್ನು ಹುಮನಾಬಾದಿನಿಂದ ಬರುವವರ ಕೈಲಿ ತರಿಸಿಕೊಳ್ಳಿ. ಮುಂದಿನ ಸಲ ಡಾಕ್ಟರಿಗೆ ತೋರಿಸಿದಾಗ "ಮೂರು ತಿಂಗಳು ಕೊಡಬಹುದು" ಅಂತ ಚೀಟಿಯಲ್ಲೇ ಬರೆಸಿ. ಪ್ರತಿ ಸಲ ಅದೇ ಕಂಪನಿಯ ಗುಳಿಗೆ ಕೇಳಿ ತಗೊಳ್ಳಿ, ಖಾಲಿ ಸ್ಟ್ರಿಪ್ ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ.