1,200 ದಿರ್ಹಮಿನಲ್ಲಿ ಎಷ್ಟು ಉಳಿಯುತ್ತದೆ?

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ತಲುಪಿತು. ನಿನ್ನ ಸೋದರಮಾವ ಅರಸೀಕೆರೆಯಲ್ಲಿ ಹೈಸ್ಕೂಲಿನಿಂದ ಪಿಯುಸಿವರೆಗೆ ನನ್ನ ಪಕ್ಕದಲ್ಲೇ ಕುಳಿತು ಓದಿದವನಾದ್ದರಿಂದ ನಿನಗೆ ಏಕವಚನದಲ್ಲಿಯೇ ಬರೆಯುತ್ತಿದ್ದೇನೆ. ಹಾಸನದ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ತಿಂಗಳಿಗೆ ಹದಿನೈದು ಸಾವಿರಕ್ಕೆ ವೈರಿಂಗ್ ಕೆಲಸ ಮಾಡುತ್ತಿರುವುದಾಗಿಯೂ, ದುಬೈನಲ್ಲಿ ಅದೇ ಕೆಲಸಕ್ಕೆ 1,200 ದಿರ್ಹಮ್ ಸಂಬಳದ ಜೊತೆಗೆ ಇರಲು ಕ್ಯಾಂಪು, ಹೋಗಿಬರಲು ಬಸ್ಸು ಸಿಗುತ್ತದೆಂದು ಏಜೆಂಟನೊಬ್ಬ ಹೇಳಿರುವುದಾಗಿಯೂ, ಅವನಿಗೆ ಕೊಡಬೇಕಾದ ಒಂದೂವರೆ ಲಕ್ಷವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರಲು ಹೊರಟಿರುವುದಾಗಿಯೂ ತಿಳಿಸಿದ್ದೀಯ. ಎರಡು ವರ್ಷದಲ್ಲಿ ಸಾಲ ತೀರಿಸಿ, ಬೇಲೂರಿನ ಹತ್ತಿರದ ನಿಮ್ಮೂರಿನಲ್ಲಿ ಹೆಂಚಿನ ಮನೆ ತೆಗೆದು ಮೌಲ್ಡ್ ಹಾಕಿಸುವಷ್ಟು ಹಣ ಉಳಿಯುತ್ತದೆಯೇ ಎಂಬುದು ನಿನ್ನ ಪ್ರಶ್ನೆ. ಉಳಿಯುವುದಿಲ್ಲ. ಏಕೆ ಉಳಿಯುವುದಿಲ್ಲ, ಏನನ್ನು ಬದಲಿಸಿಕೊಂಡರೆ ಒಂದಿಷ್ಟಾದರೂ ಉಳಿದೀತು ಎಂಬುದನ್ನು, 2008ರಿಂದ ಇಲ್ಲಿ ದುಬೈ ಕಡೆ ಎ.ಸಿ. ಮೆಕ್ಯಾನಿಕ್ ಆಗಿ ದುಡಿದು ಬಹಳ ತಡವಾಗಿ ಲೆಕ್ಕ ಕಲಿತವನಾಗಿ ಬರೆಯುತ್ತೇನೆ.

ನೀನು ಒಂದು ದಿರ್ಹಮಿಗೆ 23 ರೂಪಾಯಿ ಹಿಡಿದು, 1,200ನ್ನು ಗುಣಿಸಿ, 27,600 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀಯ. ಊರು ಬಿಡುವ ಮೊದಲು ನಾವೆಲ್ಲರೂ ಹಾಕಿದ ಲೆಕ್ಕವೇ ಇದು. ಸಂಬಳವನ್ನು ರೂಪಾಯಿಯಲ್ಲಿ ಎಣಿಸುವವನು ಖರ್ಚನ್ನೂ ರೂಪಾಯಿಯಲ್ಲೇ ಎಣಿಸಬೇಕು. ಕ್ಯಾಂಪಿನಲ್ಲಿ ಮಂಚ ಕೊಡುತ್ತಾರೆ, ಊಟ ನಿನ್ನದು. ಎಂಟು ಜನ ಸೇರಿ ಮೆಸ್ ನಡೆಸಿ ಸರದಿಯಂತೆ ಅಡುಗೆ ಮಾಡಿದರೂ ತಿಂಗಳಿಗೆ 350 ದಿರ್ಹಮ್ ಹೋಗುತ್ತದೆ. (ರಾಗಿಹಿಟ್ಟು ಇಲ್ಲಿಯೂ ಸಿಗುತ್ತದೆ, ಆದರೆ ಮುದ್ದೆ ಇಲ್ಲಿ ಬಡವರ ಊಟವಾಗಿ ಉಳಿದಿಲ್ಲ.) ವಾಟ್ಸಾಪಿನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ, ಮನೆಯವರ ಧ್ವನಿ ಕೇಳಬೇಕಾದರೆ ಬೇರೆ ಆ್ಯಪು, ಅದಕ್ಕೆ ಬೇರೆ ಪ್ಯಾಕು, ಒಟ್ಟು ಫೋನಿಗೆ 75 ಎಂದಿಟ್ಟುಕೋ. ಸೋಪು, ಒಗೆಯುವ ಪುಡಿ, ಕ್ಷೌರಕ್ಕೆ 60. ಕೆಲಸದ ನಡುವಿನ ಚಹಾ, ಬನ್ನು, ಬೇಸಿಗೆಯಲ್ಲಿ ತಣ್ಣನೆಯ ಮಜ್ಜಿಗೆಗೆ ಇನ್ನೊಂದು 60. ವಾರದ ರಜೆಯಂದು ಮೆಟ್ರೋ ಹತ್ತಿ ಹೊರಗೆ ಹೋಗಿಬಂದರೆ, ದೂರಕ್ಕೆ ತಕ್ಕಂತೆ ಒಂದು ಕಡೆಗೆ 3ರಿಂದ 7.50ರವರೆಗೆ ದರವಿರುವುದರಿಂದ, ಎಲ್ಲ ಸೇರಿ ತಿಂಗಳಿಗೆ 55. ಬೀಡಿ, ಸಿಗರೇಟು, ಲಾಟರಿಗಳ ಅಭ್ಯಾಸವಿಲ್ಲದ ಮನುಷ್ಯನ ಖರ್ಚೇ ಹೀಗೆ 600ಕ್ಕೆ ಬರುತ್ತದೆ. ಸಂಬಳದ ಮೇಲೆ ಇಲ್ಲಿ ತೆರಿಗೆ ಇಲ್ಲವೆಂಬುದು ನಿಜ, ಆದರೆ 2018ರ ಜನವರಿಯಿಂದ ಅಕ್ಕಿ ಬೇಳೆಗೂ ಶೇಕಡಾ 5 ವ್ಯಾಟ್ ಇದೆ. ಉಳಿದದ್ದು 600 ದಿರ್ಹಮ್, ಅಂದರೆ 13,800 ರೂಪಾಯಿ.

ಈ 13,800ರ ಮೇಲೆ ಮೊದಲ ಹಕ್ಕು ಬಡ್ಡಿಯವನದು. ಒಂದೂವರೆ ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯೇ 4,500. ಮನೆಗೆ ಒಂದು ರೂಪಾಯಿಯನ್ನೂ ಕಳಿಸದೆ ಪೂರ್ತಿ ಹಣವನ್ನು ಸಾಲಕ್ಕೇ ಕಟ್ಟಿದರೂ ಅದು ತೀರಲು ಹದಿನಾಲ್ಕನೆಯ ತಿಂಗಳು ಬರಬೇಕು. ಆದರೆ ಅವ್ವನ ಔಷಧಿಗೂ ತಂಗಿಯ ಕಾಲೇಜಿಗೂ ಕಳಿಸಬೇಕೆಂದು ನೀನೇ ಬರೆದಿದ್ದೀಯ. ತಿಂಗಳಿಗೆ 6,000 ಕಳಿಸಿದರೆ ಸಾಲಕ್ಕೆ ಉಳಿಯುವುದು 7,800, ಅದರಲ್ಲಿ ಬಡ್ಡಿ ಕಳೆದು ಮೊದಲ ತಿಂಗಳು ಅಸಲಿಗೆ ಸೇರುವುದು 3,300 ಮಾತ್ರ. ಈ ವೇಗದಲ್ಲಿ ಸಾಲ ತೀರುವುದು ಮೂವತ್ತನೆಯ ತಿಂಗಳಿಗೆ. ಇಲ್ಲಿ ಕೆಲಸದ ಪರವಾನಗಿ ಕೊಡುವುದು ಇಪ್ಪತ್ತನಾಲ್ಕು ತಿಂಗಳಿಗೆ. ನಡುವೆ ಒಂದು ಕಾಯಿಲೆ, ಒಂದು ತಿಂಗಳು ತಡವಾದ ಸಂಬಳ, ಒಂದು ಸಾವಿನ ಸುದ್ದಿಗೆ ಊರಿಗೆ ಓಡಿದ ಟಿಕೆಟ್ಟು ಯಾವುದನ್ನೂ ನಾನು ಇದರಲ್ಲಿ ಸೇರಿಸಿಲ್ಲ.

ಹಾಗಾಗಿ ಉಳಿತಾಯದ ಮಾತು ಆರಂಭವಾಗುವುದು ಇಲ್ಲಿಗೆ ಬಂದ ಮೇಲಲ್ಲ, ಏಜೆಂಟನಿಗೆ ಹಣ ಎಣಿಸುವ ಮೇಜಿನ ಮುಂದೆ. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಇಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ಕೆಲಸಗಾರನಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ವಸೂಲು ಮಾಡುವಂತಿಲ್ಲ. ನಮ್ಮ ದೇಶದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಶೇಕಡಾ 18 ಜಿಎಸ್‌ಟಿ, ಒಟ್ಟು 35,400. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ನಿನ್ನವನು ಕೇಳುತ್ತಿರುವುದು ಆ 35,400ರ ನಾಲ್ಕರಷ್ಟಕ್ಕಿಂತಲೂ ಹೆಚ್ಚು, ಅದಕ್ಕೆ ರಸೀದಿ ಕೊಡಲಾರ. ನಾನು 2008ರಲ್ಲಿ ಅಮ್ಮನ ಎರಡೆಳೆ ಸರವನ್ನು ಗಿರವಿ ಇಟ್ಟು, ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮುಂದಿನ ವರ್ಷದ ಕೊಬ್ಬರಿಯ ಮೇಲೆ ಮುಂಗಡ ತಂದು, ಬೆಂಗಳೂರಿನ ಒಬ್ಬನಿಗೆ 80,000 ಕೊಟ್ಟು ಬಂದವನು. ಆ ಸರ ಮನೆಗೆ ಮರಳಲಿಲ್ಲ. ಇನ್ನೊಂದು ಮಾತು: ಮೊದಲು ಪ್ರವಾಸಿ ವೀಸಾದಲ್ಲಿ ಹೋಗು, ಕೆಲಸ ಅಲ್ಲಿ ನೋಡಿಕೊಳ್ಳೋಣ ಎಂದರೆ ಅಂಥವನ ಬಳಿ ಮುಂದಿನ ಮಾತು ಬೇಡ, ಆ ವೀಸಾದಲ್ಲಿ ದುಡಿಯುವುದು ಇಲ್ಲಿ ಅಪರಾಧ.

ಇನ್ನು ಆ 1,200 ಎಂಬ ಅಂಕಿಯ ಒಳಗೆ ಇಣುಕಿ ನೋಡಬೇಕು. ಆಫರ್ ಲೆಟರಿನಲ್ಲಿ ಅದು ಒಂದೇ ಸಾಲಿನಲ್ಲಿ ಇರುವುದಿಲ್ಲ. ಬೇಸಿಕ್ (ಮೂಲ ಸಂಬಳ) 700, ಅಲೋವೆನ್ಸ್ (ಭತ್ಯೆ) 500 ಎಂದು ಎರಡಾಗಿ ಒಡೆದಿರುತ್ತಾರೆ. ಕೈಗೆ ಬರುವುದು ಒಂದೇ ಆದ್ದರಿಂದ ಏನು ವ್ಯತ್ಯಾಸವೆಂದು ನಾನೂ ಅಂದುಕೊಂಡಿದ್ದೆ. ಓವರ್‌ಟೈಮನ್ನೂ, ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿಯನ್ನೂ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ದಿನಕ್ಕೆ ಎಂಟು ಗಂಟೆ ಮೀರಿದ ಕೆಲಸಕ್ಕೆ ಬೇಸಿಕ್‌ನ ಗಂಟೆಯ ದರದ ಜೊತೆಗೆ ಶೇಕಡಾ 25 ಹೆಚ್ಚು ಕೊಡಬೇಕೆಂದು ಕಾನೂನಿದೆ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 52 ಗಂಟೆ ಹೆಚ್ಚು ದುಡಿದರೆ, ಬೇಸಿಕ್ 700 ಇರುವವನಿಗೆ ಸುಮಾರು 190 ದಿರ್ಹಮ್, ಬೇಸಿಕ್ ಪೂರ್ತಿ 1,200 ಇರುವವನಿಗೆ 325. ಅದೇ ಏಣಿ, ಅದೇ ಬಿಸಿಲು, ಅದೇ ಬೆವರು. ಗ್ರಾಚ್ಯುಟಿಯೂ ಹೀಗೆಯೇ: ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ ಒಬ್ಬನಿಗೆ ವರ್ಷಕ್ಕೆ 490, ಇನ್ನೊಬ್ಬನಿಗೆ 840. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲವಾದ್ದರಿಂದ, ಬಯಲಿನ ಕೆಲಸವಿರುವ ಕಂಪನಿಗಳಲ್ಲಿ ಆ ತಿಂಗಳುಗಳ ಓವರ್‌ಟೈಮನ್ನು ನಂಬಿ ಸಾಲದ ಕಂತು ಒಪ್ಪಿಕೊಳ್ಳಬಾರದು. ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳು ಮುಂತಾದ ಭಾಷೆಗಳಲ್ಲಿಯೂ ಕೊಡುತ್ತಾರೆ. ಕನ್ನಡದಲ್ಲಿ ನಾನು ಇದುವರೆಗೂ ಕಂಡಿಲ್ಲ. ಇಂಗ್ಲಿಷ್ ಪ್ರತಿಯನ್ನು ನಿಮ್ಮೂರಿನ ಮೇಷ್ಟರ ಮುಂದಿಟ್ಟು, ಸಾಲು ಸಾಲಾಗಿ ಓದಿಸಿಕೊಂಡು ಆಮೇಲೆ ಸಹಿ ಹಾಕು.

ರೂಪಾಯಿ ಇಳಿದಷ್ಟೂ ನಮಗೆ ಲಾಭವಲ್ಲವೇ ಎಂದೂ ಕೇಳಿದ್ದೀಯ. ನಾನು ಬಂದ ವರ್ಷದ ಆರಂಭದಲ್ಲಿ ಒಂದು ದಿರ್ಹಮಿಗೆ ಹನ್ನೊಂದು ರೂಪಾಯಿಯೂ ಸಿಗುತ್ತಿರಲಿಲ್ಲ. ದಿರ್ಹಮನ್ನು ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿರುವುದರಿಂದ ಡಾಲರಿನ ಎದುರು ರೂಪಾಯಿ ಇಳಿದಂತೆಲ್ಲ ನಮ್ಮ ಕೈಗೆ ಹೆಚ್ಚು ರೂಪಾಯಿ ಬಂದದ್ದು ನಿಜ. ಆದರೆ ಆಗ ಹೊಸಬನಾದ ನನಗೆ 800 ಕೊಟ್ಟರು, ಇಷ್ಟು ವರ್ಷಗಳ ನಂತರ ನಿನಗೆ 1,200 ಎನ್ನುತ್ತಿದ್ದಾರೆ. ಆಗ ಹತ್ತು ಗ್ರಾಂ ಚಿನ್ನ ಹದಿಮೂರು ಸಾವಿರದ ಆಸುಪಾಸಿನಲ್ಲಿತ್ತು, ಈಗ ಲಕ್ಷದ ಮಾತಾಡುತ್ತಾರೆ. ಗಾರೆಯವನ ಕೂಲಿ, ಮರಳು, ಸಿಮೆಂಟಿನ ದರವನ್ನು ನೀನೇ ನನಗಿಂತ ಚೆನ್ನಾಗಿ ಬಲ್ಲೆ.

ನಾನು ನಿಜವಾಗಿ ಹೇಳಬೇಕೆಂದಿರುವುದು ಇದ್ಯಾವುದಕ್ಕೂ ಅಲ್ಲ, ಮನೆಗೆ ಕಳಿಸುವ ಹಣಕ್ಕೆ ಸಂಬಂಧಿಸಿದ್ದು. ಮೊದಲ ಎಂಟು ವರ್ಷ ನಾನು ಕಳಿಸುವುದನ್ನೇ ಉಳಿಸುವುದು ಎಂದು ತಿಳಿದಿದ್ದೆ. ಸಂಬಳ ಬಂದ ಸಂಜೆ ಎಕ್ಸ್‌ಚೇಂಜಿನ ಸರದಿಯಲ್ಲಿ ನಿಂತು, ಮೆಸ್ಸಿನ ಹಣ ಬಿಟ್ಟು ಉಳಿದದ್ದನ್ನೆಲ್ಲ ಅಪ್ಪನ ಖಾತೆಗೆ ಹಾಕಿ, ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದೆ. ಡಬ್ಬಿ ತುಂಬಿದಾಗ ಏನೋ ಕೂಡಿಟ್ಟ ಸಮಾಧಾನ. 2016ರಲ್ಲಿ ರಜೆಗೆ ಹೋದಾಗ ಅಪ್ಪನ ಪಾಸ್‌ಬುಕ್ಕಿನಲ್ಲಿ ಇದ್ದದ್ದು ಒಂಬತ್ತು ಸಾವಿರ ಚಿಲ್ಲರೆ. ಯಾರೂ ಮೋಸ ಮಾಡಿರಲಿಲ್ಲ. ಅಕ್ಕನ ಮದುವೆಗೆ ಹೋಗಿತ್ತು, ಅದು ಆಗಲೇಬೇಕಿತ್ತು. ತೋಟದಲ್ಲಿ ಮೂರು ಕಡೆ ಬೋರು ಕೊರೆಸಿ, ಮೂರನೆಯದರಲ್ಲಿ ಮಾತ್ರ ಒಂದಿಂಚು ನೀರು ಬಂದಿತ್ತು. ನನ್ನ ತಮ್ಮ ಆಲೂರಿನ ಕಡೆ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಹಾಕಿದ್ದ, ಅದು ಆ ವರ್ಷದ ಮಳೆಗೆ ಕೊಳೆರೋಗ ಬಂದು ನೆಲದಲ್ಲೇ ಕರಗಿತ್ತು. ಮಿಕ್ಕದ್ದು ಮುಯ್ಯಿಗೆ ಹೋಗಿತ್ತು. ಹೊರದೇಶದಲ್ಲಿ ಮಗನಿರುವ ಮನೆಯವರು ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಐದು ನೂರರ ಮುಯ್ಯಿ ಹಾಕಿದರೆ ಊರು ಆಡಿಕೊಳ್ಳುತ್ತದೆಂದು ಅಪ್ಪ ಎಲ್ಲ ಕಡೆ ಎರಡು ಸಾವಿರ ಬರೆಸುತ್ತಿದ್ದರು. ನೆಂಟರು ಕೈಸಾಲ ಕೇಳಿದಾಗ ಇಲ್ಲವೆನ್ನಲು ಅವರಿಗೆ ಕಾರಣವೇ ಇರಲಿಲ್ಲ, ಏಕೆಂದರೆ ತಿಂಗಳು ತಿಂಗಳು ಹಣ ಬರುವುದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಪಾಯ ಹಾಕಿ ಕಿಟಕಿಯ ಮಟ್ಟಕ್ಕೆ ಗೋಡೆ ಎಬ್ಬಿಸಿದ್ದರು. ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು. ಆ ರಜೆಗೆ ನಾನೂ ಕಡಿಮೆ ಖರ್ಚು ಮಾಡಿರಲಿಲ್ಲ. ಹಾಸನಾಂಬೆಯ ಬಾಗಿಲು ತೆರೆಯುವ ಸಮಯಕ್ಕೆ ಹೊಂದಿಸಿಕೊಂಡು ದೀಪಾವಳಿಯ ದುಬಾರಿ ಟಿಕೆಟ್ಟಿನಲ್ಲಿ ಹೋಗಿ, ಹಾಲಿನ ಪುಡಿ, ಕಂಬಳಿ, ಖರ್ಜೂರ, ಅತ್ತರುಗಳನ್ನು ಕೇಳಿದವರಿಗೂ ಕೇಳದವರಿಗೂ ಹಂಚಿ, ಮರಳಿ ಬರುವಾಗ ಬಸ್ಸಿನ ಹಣಕ್ಕೆ ತಮ್ಮನ ಮುಂದೆ ಕೈ ಚಾಚಿದ್ದೆ.

ಅಪ್ಪನ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ. ಇದು ಮನೆಯ ಹಣ, ಇದು ಮಗನ ಹಣ ಎಂದು ನಾನೇ ಬೇರೆ ಮಾಡಿ ಕೊಟ್ಟಿರಲಿಲ್ಲ. ಒಂದೇ ಖಾತೆಗೆ ಬಿದ್ದ ನೀರು ತಗ್ಗಿದ್ದ ಕಡೆಗೆ ಹರಿಯಿತು. ಆ ವರ್ಷವೇ ನನ್ನ ಹೆಸರಿನಲ್ಲಿ ಎನ್‌ಆರ್‌ಇ ಖಾತೆ ತೆರೆದೆ. ಹೊರದೇಶದಲ್ಲಿ ದುಡಿಯುವವರಿಗಾಗಿಯೇ ಇರುವ ಖಾತೆ ಅದು, ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಅಂದಿನಿಂದ ಸಂಬಳ ಬಂದ ದಿನ ಎಲ್ಲ ಹಣವೂ ಆ ಖಾತೆಗೇ ಹೋಗುತ್ತದೆ, ಅಲ್ಲಿಂದ ಒಂದು ಭಾಗ ಅದೇ ದಿನ ಆರ್‌ಡಿಗೆ ಕಡಿತವಾಗುತ್ತದೆ, ಮನೆಗೆ ಮಾತಾಡಿಕೊಂಡಷ್ಟೇ ಮೊತ್ತ ಹೋಗುತ್ತದೆ. ಕಳಿಸಲು ಪ್ರತಿ ಸಲ ಹದಿನೈದಿಪ್ಪತ್ತು ದಿರ್ಹಮ್ ಶುಲ್ಕವಾಗುವುದರಿಂದ ತಿಂಗಳಿಗೆ ಒಂದೇ ಸಲ ಕಳಿಸುತ್ತೇನೆ. ಮೊದಲು ಫೋನು ಬಂದಾಗಲೆಲ್ಲ ಓಡಿ ಮೂರು ಸಲ ಕಳಿಸುತ್ತಿದ್ದೆ. ಮೊದಲ ಆರು ತಿಂಗಳು ಮನೆಯಲ್ಲಿ ಬೇಸರ ಮಾಡಿಕೊಂಡರು, ಅಪ್ಪ ಒಮ್ಮೆ ಮಾತು ಬಿಟ್ಟರು. ನಿಗದಿಯಾದ ಮೊತ್ತ ಬರುತ್ತದೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅವರೂ ಅದಕ್ಕೆ ತಕ್ಕಂತೆ ನಡೆದುಕೊಂಡರು, ಕೈಸಾಲ ಕೇಳುವವರಿಗೆ ಹೇಳಲು ಅವರಿಗೂ ಒಂದು ಕಾರಣ ಸಿಕ್ಕಿತು. ಕುಂಬಳದ ಬಳ್ಳಿಯ ಗೋಡೆಗೆ ಮೌಲ್ಡ್ ಬಿದ್ದದ್ದು 2021ರಲ್ಲಿ.

ಕ್ಯಾಂಪಿನ ಚೀಟಿಗೆ ಸೇರಬೇಡ. ಕಾಗದವಿಲ್ಲದೆ ನಡೆಯುವ ವ್ಯವಹಾರ ಅದು. ಎತ್ತಿದವನು ವೀಸಾ ರದ್ದಾಗಿ ಊರಿಗೆ ಹೋದರೆ ಕೇಳುವವರಿಲ್ಲ. ನಾನು ಎರಡು ಸಾವಿರ ದಿರ್ಹಮ್ ಕಳೆದುಕೊಂಡಿದ್ದೇನೆ.

ನಿಮ್ಮಂತೆ ಸಂಸಾರ ಸಮೇತ ಇಲ್ಲೇ ನೆಲೆಸಿದರೆ ಸುಖವಲ್ಲವೇ ಎಂದು ಕೊನೆಯಲ್ಲಿ ಬರೆದಿದ್ದೀಯ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000ದ ಜೊತೆಗೆ ಕಂಪನಿಯ ಮನೆ ಇರಬೇಕೆಂಬುದು ಇಲ್ಲಿನ ನಿಯಮ. ನಾನು ಸೂಪರ್‌ವೈಸರ್ ಆದ ಮೇಲೆ ಅವರನ್ನು ಕರೆಸಿಕೊಂಡೆ. ಶಾರ್ಜಾದ ಬಾಡಿಗೆ, ಮಗಳ ಶಾಲೆಯ ಫೀಸು ಕಳೆದರೆ ಈಗ ನನ್ನ ಉಳಿತಾಯ ಕ್ಯಾಂಪಿನಲ್ಲಿದ್ದ ಕೊನೆಯ ವರ್ಷಗಳದಕ್ಕಿಂತ ಕಡಿಮೆ. ಅದು ನಾನು ತಿಳಿದೇ ಮಾಡಿದ ಆಯ್ಕೆ, ಅದರ ಬಗ್ಗೆ ದೂರಿಲ್ಲ, ಆದರೆ ಅದನ್ನು ನೋಡಿ ನೀನು ಲೆಕ್ಕ ಹಾಕಬೇಡ.

ಬರಬೇಡ ಎಂದು ನಾನು ಹೇಳುತ್ತಿಲ್ಲ. 35,400ರ ಒಳಗೆ ಕೆಲಸ ಆಗುವುದಾದರೆ, ಆ ಹಣ ಬಡ್ಡಿಗೆ ತಂದದ್ದಲ್ಲವಾದರೆ, ಬೇಸಿಕ್ ಸಾವಿರಕ್ಕಿಂತ ಕಡಿಮೆ ಇಲ್ಲದಿದ್ದರೆ ಬಾ. ಆಗ ಮನೆಗೆ 6,000 ಕಳಿಸಿಯೂ ತಿಂಗಳಿಗೆ ಏಳೆಂಟು ಸಾವಿರ ಉಳಿಯುತ್ತದೆ, ಎರಡು ವರ್ಷಕ್ಕೆ ಒಂದೂವರೆ ಲಕ್ಷದ ಮೇಲಾಗುತ್ತದೆ. ಮೌಲ್ಡಿಗೆ ಸಾಲದು, ಪಾಯಕ್ಕೆ ಸಾಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಾಸನದ ಅಂಗಡಿಯ ಹದಿನೈದು ಸಾವಿರದ ಜೊತೆಗೆ ಭಾನುವಾರದ ಬಿಡಿ ಕೆಲಸ ಹಿಡಿದವನೇ ನಿನಗಿಂತ ಮುಂದಿರುತ್ತಾನೆ. ಏಜೆಂಟನಿಗೆ ಮುಂಗಡವಾಗಿ ಏನನ್ನೂ ಕೊಡದೆ ಆಫರ್ ಲೆಟರಿನ ಪ್ರತಿ ಕೇಳು, ಅದರ ಫೋಟೊವನ್ನು ನನಗೆ ಕಳಿಸು. ಶುಕ್ರವಾರ ಮಧ್ಯಾಹ್ನದ ನಂತರ ನಾನು ಬಿಡುವಾಗಿರುತ್ತೇನೆ. ಬೇಸಿಕ್ ಎಂಬ ಸಾಲಿನಲ್ಲಿ ಏನಿದೆ ಎಂದು ನೋಡಿ ಅಂದೇ ಉತ್ತರಿಸುತ್ತೇನೆ.